ಆರನೇ ಮಹಡಿಯ ಬಾಗಿಲು

ನಮ್ಮದು ಲಿಫ್ಟ್ ಮನೆತನ. ಕೆಲವರ ಮನೆಯಲ್ಲಿ ವೈದ್ಯವೃತ್ತಿ, ಕೆಲವರಲ್ಲಿ ವಕೀಲಿಕೆ ತಲೆಮಾರಿನಿಂದ ತಲೆಮಾರಿಗೆ ಬರುವ ಹಾಗೆ ನಮ್ಮಲ್ಲಿ ಲಿಫ್ಟ್ ಬಂದಿದೆ. ನಾನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿದವಳು. ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು, ಕೈಗೆಟಕುವಷ್ಟರಲ್ಲಿ ಗುಂಡಿಗಳು. ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ನನ್ನ ಬೆನ್ನ ಹಿಂದೆ ನಿಂತು ಮಾತಾಡಿಕೊಳ್ಳುತ್ತಿದ್ದರು. ರೋಗಿಯ ಮುಂದೆ ಆಡುವ ಮಾತೇ ಬೇರೆ, ಲಿಫ್ಟಿನೊಳಗೆ ಆಡುವ ಮಾತೇ ಬೇರೆ. ಹಾಗಾಗಿ ವೈದ್ಯಶಾಸ್ತ್ರದಲ್ಲಿ ನನಗೆ ಅರ್ಧ ಪದವಿಯಾದರೂ ಇದೆ ಎಂದು ನಾನು ತಿಳಿದುಕೊಂಡಿದ್ದೇನೆ. ಮೂವತ್ತು ವರ್ಷ ಏರಿದ್ದೇ ಏರಿದ್ದು, ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ಕೆಲಸ ಬಿಡುವ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೂಲಿನಿಂದ ಏಳಲು ಹೋದರೆ ಮಂಡಿಗಳೆರಡೂ ನಾವು ಬರುವುದಿಲ್ಲ, ನೀನು ಹೋಗಿ ಬಾ ಎಂದವು.

ನನ್ನ ಮಗ ಲಿಫ್ಟ್ ಮೆಕ್ಯಾನಿಕ್. ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಎಲ್ಲಿ ನೋವು ಎಂದು ಹೇಳಿಬಿಡುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ಲಿಫ್ಟ್ ಡಾಕ್ಟ್ರು ಎನ್ನುವುದು. ಹೆಂಡತಿಗೆ ಜ್ವರ ಬಂದರೆ ಅವನಿಗೆ ಗೊತ್ತಾಗಲು ಎರಡು ದಿನ ಬೇಕು, ಲಿಫ್ಟಿಗೆ ನೆಗಡಿಯಾದರೆ ಎರಡು ನಿಮಿಷ ಸಾಕು. ನಾವಿರುವ ಆರು ಮಹಡಿಯ ಕಟ್ಟಡದ ಲಿಫ್ಟ್ ಕೂಡ ಅವನ ಕೈಯಲ್ಲೇ ಇದೆ. ಹಳೇ ಕಾಲದ್ದು, ಎಳೆದು ಮಡಚುವ ಕಬ್ಬಿಣದ ಜಾಲರಿ ಬಾಗಿಲಿನದು. ಪ್ರತಿ ಮಹಡಿಗೂ ಅಂಥದೊಂದು ಬಾಗಿಲು, ನಮ್ಮ ಮನೆ ಆರನೆಯದರಲ್ಲಿ. ಯಾವುದೇ ಮಹಡಿಯ ಬಾಗಿಲು ಒಂದು ಬೆರಳಿನಷ್ಟು ತೆರೆದಿದ್ದರೂ ಲಿಫ್ಟ್ ನಿಂತ ಜಾಗದಿಂದ ಅಲ್ಲಾಡುವುದಿಲ್ಲ. ಕೆಳಗಿನವರು ಗುಂಡಿ ಒತ್ತಿ ಒತ್ತಿ ಬೆರಳು ಸವೆಸಿಕೊಂಡರೂ ಅಷ್ಟೇ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ನನ್ನ ಕಳ್ಳತನವೆಲ್ಲ ಅದರಲ್ಲೇ ಇದೆ.

ಸೊಸೆ ಬಸ್ ಕಂಡಕ್ಟರ್. ದಿನಕ್ಕೆ ಎಂಟು ಗಂಟೆ ನಿಂತೇ ಇರುತ್ತಾಳೆ. ಅವರಿಬ್ಬರಿಗೆ ಒಬ್ಬಳೇ ಮಗಳು, ನನ್ನ ಮೊಮ್ಮಗಳು, ಹನ್ನೆರಡು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಮಹಾರಾಣಿ ಎನ್ನುತ್ತೇವೆ. ಯಾವ ಕಷ್ಟವನ್ನೂ ಪಡದೆ ಸಂಪಾದಿಸಿದ ಬಿರುದು ಅದು. ಶಾಲೆಯ ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತದೆ. ಬಸ್ಸಿನಿಂದ ಲಿಫ್ಟಿಗೆ ಹತ್ತು ಹೆಜ್ಜೆ, ಲಿಫ್ಟಿನಿಂದ ಸೋಫಾಕ್ಕೆ ಎಂಟು ಹೆಜ್ಜೆ. ಆಮೇಲೆ ಎಲ್ಲವೂ ಅವಳಿದ್ದಲ್ಲಿಗೇ ಬರಬೇಕು. ಅಜ್ಜೀ ನೀರು, ಅಜ್ಜೀ ಫ್ಯಾನು, ಅಜ್ಜೀ ದಿಂಬು. ಕೆಳಗೆ ಬಿದ್ದ ರಿಮೋಟನ್ನು ಕಾಲಿನ ಬೆರಳುಗಳಿಂದ ಎತ್ತಿಕೊಳ್ಳುವ ವಿದ್ಯೆಯೊಂದನ್ನು ಕಲಿತಿದ್ದಳು. ಅವಳ ಅಂಗಸಾಧನೆ ಅಷ್ಟೇ.

ದಪ್ಪಗಿದ್ದಾಳೆ ಎಂದುಕೊಳ್ಳಬೇಡಿ. ಪೊರಕೆ ಕಡ್ಡಿಯ ಹಾಗಿದ್ದಾಳೆ. ಅದಕ್ಕೇ ನಮ್ಮಲ್ಲಿ ಯಾರಿಗೂ ಯಾವ ಅನುಮಾನವೂ ಬಂದಿರಲಿಲ್ಲ.

ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ನೋಡುತ್ತಾರೆ. ಒಂದು ಗಿಡ್ಡ ಬೆಂಚಿನ ಮೇಲೆ ಮೂರು ನಿಮಿಷ ಹತ್ತಿ ಇಳಿಯಬೇಕು, ಆಮೇಲೆ ನಾಡಿ ಹಿಡಿದು ಎಣಿಸುತ್ತಾರೆ. ನಮ್ಮ ಮಹಾರಾಣಿ ನಲವತ್ತು ಸೆಕೆಂಡು ಹತ್ತಿ ಇಳಿದು, ಆ ಬೆಂಚಿನ ಮೇಲೇ ಕೂತು, ಏದುಸಿರು ಬಿಡುತ್ತಾ "ಡಾಕ್ಟರ್, ಇದಕ್ಕೆ ಲಿಫ್ಟ್ ಇಲ್ವಾ?" ಎಂದು ಕೇಳಿದಳಂತೆ. ತರಗತಿಯೆಲ್ಲ ನಕ್ಕಿತು. ಡಾಕ್ಟರಮ್ಮ ನಗಲಿಲ್ಲ. ಮನೆಗೆ ಚೀಟಿ ಕಳಿಸಿದಳು.

ನಾನೂ ಮಗನೂ ಹೋದೆವು. ಅಷ್ಟು ಹೊತ್ತಿಗೆ ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮುಗಿದಿತ್ತು.

"ಕಾಯಿಲೆ ಏನೂ ಇಲ್ಲ" ಎಂದಳು ಡಾಕ್ಟರಮ್ಮ. ಚಿಕ್ಕ ವಯಸ್ಸಿನವಳು, ಆದರೆ ಮಾತು ಮಾತ್ರ ಹಿರಿಯರದು. ಮಗ ದೊಡ್ಡದಾಗಿ ಉಸಿರು ಬಿಟ್ಟ.

"ಸಮಾಧಾನ ಪಟ್ಕೋಬೇಡಿ. ಕಾಯಿಲೆ ಇದ್ದಿದ್ರೆ ಮಾತ್ರೆ ಕೊಡ್ತಿದ್ದೆ. ಈ ಮೈಗೆ ನೀವು ಕೆಲಸವನ್ನೇ ಕೊಟ್ಟಿಲ್ಲ. ಈ ವಯಸ್ಸಲ್ಲಿ ದಿನಕ್ಕೆ ಒಂದು ಗಂಟೆಯಾದ್ರೂ ಓಡಬೇಕು, ಹತ್ತಬೇಕು, ನೆಗೀಬೇಕು. ಮೂಳೆ ಗಟ್ಟಿಯಾಗೋದು, ಎದೆ ಗಟ್ಟಿಯಾಗೋದು ಎಲ್ಲ ಈಗಲೇ. ಈಗ ಕೂತೇ ಬೆಳೆದ್ರೆ ನಲವತ್ತಕ್ಕೆಲ್ಲಾ ಮಂಡಿ ಹಿಡ್ಕೊಂಡು ಕೂರ್ತಾಳೆ." ಹೀಗೆನ್ನುತ್ತಾ ಆಕೆ ನನ್ನ ಮಂಡಿಗಳನ್ನು ನೋಡಿದಳು. ಬೇಕೆಂದೇ ನೋಡಿದಳು, ನನಗೆ ಗೊತ್ತು. "ಎರಡು ತಿಂಗಳು ಬಿಟ್ಟು ಮತ್ತೆ ನೋಡ್ತೀನಿ. ಅಂದಹಾಗೆ ಮಗುನ ನೋಡ್ಕೊಳ್ಳೋದು ಯಾರು?"

"ನಮ್ಮಮ್ಮ" ಎಂದ ಮಗ, ಹೆಮ್ಮೆಯಿಂದ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮಹಾರಾಣಿ ನಾಲ್ಕು ವರ್ಷದವಳಿದ್ದಾಗ ಮೆಟ್ಟಿಲ ಮೇಲಿಂದ ಜಾರಿ ಗಲ್ಲಕ್ಕೆ ಮೂರು ಹೊಲಿಗೆ ಬಿದ್ದಿತ್ತು. ಅವತ್ತು ನನ್ನ ಸೀರೆಯ ಸೆರಗೆಲ್ಲ ರಕ್ತವಾಗಿತ್ತು. ಅವತ್ತಿನಿಂದ ಅವಳಿಗೆ ಮೂರು ಮಂತ್ರ ಹೇಳಿಕೊಟ್ಟೆ. ಓಡಬೇಡ, ಬೀಳ್ತೀಯ. ಹತ್ತಬೇಡ, ಜಾರ್ತೀಯ. ನೆಗೀಬೇಡ, ಮುರ್ಕೋತೀಯ. ಎಂಟು ವರ್ಷ ಬಿಡದೆ ಜಪಿಸಿದೆ. ಈಗಿನ ಮಕ್ಕಳು ಹಿರಿಯರ ಮಾತು ಕೇಳುವುದಿಲ್ಲ ಎಂದು ಲೋಕವೆಲ್ಲ ಗೋಳಾಡುತ್ತದೆ. ನನ್ನ ಗ್ರಹಚಾರ ನೋಡಿ, ನನ್ನ ಮೊಮ್ಮಗಳು ಕೇಳಿಬಿಟ್ಟಳು.

ಮನೆಗೆ ಬಂದ ಮೇಲೆ ಎಲ್ಲರಿಗೂ ಒಮ್ಮೆಲೇ ಜ್ಞಾನೋದಯವಾಯಿತು. ಮಗ ಹಗ್ಗ ತಂದ, ನೆಗೆಯಲಿ ಎಂದು. ಮಹಾರಾಣಿ ಅದನ್ನು ಫ್ಯಾನಿನ ಸ್ವಿಚ್ಚಿಗೆ ಕಟ್ಟಿ, ಸೋಫಾದಿಂದಲೇ ಎಳೆದು ಫ್ಯಾನು ಹಾಕುವುದನ್ನು ಕಲಿತಳು. ಮಗ ಹೆಜ್ಜೆ ಎಣಿಸುವ ಕೈಪಟ್ಟಿ ತಂದ. ಮೊದಲ ದಿನ ಮುನ್ನೂರು ಹೆಜ್ಜೆ. ಎರಡನೇ ದಿನ ಹದಿನಾಲ್ಕು ಸಾವಿರ! ಮಗ ಆನಂದದಿಂದ ಮಹಡಿ ಮಹಡಿಗೂ ಹೋಗಿ ಹೇಳಿಕೊಂಡು ಬಂದ, ಲಿಫ್ಟಿನಲ್ಲಿ. ಮೂರನೇ ದಿನ ಸೊಸೆ ತನ್ನ ಟಿಕೆಟ್ ಚೀಲ ಕೊಡವಿದಾಗ ಆ ಕೈಪಟ್ಟಿ ಅದರ ತಳದಿಂದ ಬಿತ್ತು.

"ನಾನು ಎಂಟು ಗಂಟೆ ನಿಂತಿದ್ದು, ಇವಳು ಎಂಟು ಗಂಟೆ ಕೂತಿದ್ದು, ಎರಡೂ ಸೇರಿಸಿದ್ರೆ ಮನೆ ಲೆಕ್ಕ ಸರಿಹೋಯ್ತು ಬಿಡಿ ಅತ್ತೆ" ಎಂದು ಸೊಸೆ ನಕ್ಕಳು. ನಗುತ್ತಲೇ ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡು ಬಂದಳು. ಕಣ್ಣು ಕೆಂಪಗಿತ್ತು. ತಾಯಿಯಲ್ಲವೇ.

ಆಮೇಲೆ ಒಂದು ದಿನ ಆಕಸ್ಮಿಕವಾಗಿ ನಡೆದದ್ದು ಇದು. ಮಧ್ಯಾಹ್ನ ನಾನು ಕೆಳಗೆ ಹೋಗಿ ಲಿಫ್ಟಿನಲ್ಲಿ ಮೇಲೆ ಬಂದೆ. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಅವಸರದಲ್ಲಿ ಬಾಗಿಲನ್ನು ಪೂರ್ತಿ ಎಳೆಯಲಿಲ್ಲ. ಮೂರೂವರೆಗೆ ಶಾಲೆಯ ಬಸ್ಸು ಬಂತು, ಲಿಫ್ಟ್ ಕೆಳಗೆ ಹೋಗಲಿಲ್ಲ. ಮಹಾರಾಣಿ ಜೀವಮಾನದಲ್ಲಿ ಮೊದಲ ಸಲ ಆರು ಮಹಡಿ ಹತ್ತಿದಳು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಪ್ರತಿ ತಿರುವಿನಲ್ಲೂ ಕೂತು, ಪ್ರತಿ ಮಹಡಿಯಲ್ಲೂ ನನ್ನನ್ನು ಬೈದು ಬಂದಳು. ಬಾಗಿಲಲ್ಲಿ ನಿಂತು ಕಿರುಚಿದಾಗ ಈ ಹುಡುಗಿಯ ಗಂಟಲಲ್ಲಿ ಇಷ್ಟು ಜೀವ ಇದೆಯೇ ಎಂದು ಬೆರಗಾದೆ. ಅವತ್ತು ಎರಡು ಸಲ ಬಡಿಸಿಕೊಂಡು ತಿಂದಳು. ಯಾರೂ ಹೇಳದೆ ಎಂಟೂವರೆಗೆ ಹೋಗಿ ಮಲಗಿದಳು.

ನಾನು ಅರ್ಧ ಡಾಕ್ಟರು ಎಂದು ಮೊದಲೇ ಹೇಳಿದ್ದೇನೆ. ಮರುದಿನದಿಂದ ಔಷಧಿ ಶುರು ಮಾಡಿದೆ.

ಮೂರೂಕಾಲಿಗೆ ಲಿಫ್ಟನ್ನು ಮೇಲಕ್ಕೆ ಕರೆಸುವುದು. ಒಳಗೆ ಯಾರೂ ಇಲ್ಲವೆಂದು ನೋಡಿ, ಬಾಗಿಲನ್ನು ಎಳೆದು, ಒಂದೇ ಒಂದು ಬೆರಳಿನಷ್ಟು ಬಿಡುವುದು. ನಾಲ್ಕಕ್ಕೆ ಪೂರ್ತಿ ಹಾಕುವುದು. ನನ್ನ ಹಾಗೆ ಲಿಫ್ಟ್ ಇಲ್ಲದೆ ಆಗದವರು ಯಾರಾದರೂ ಆ ಹೊತ್ತಿಗೆ ಹೊರಗಿದ್ದಾರೆಯೇ ಎಂದು ಮೊದಲೇ ಫೋನು ಮಾಡಿ ವಿಚಾರಿಸಿಕೊಳ್ಳುತ್ತಿದ್ದೆ, ಯೋಗಕ್ಷೇಮ ಕೇಳುವ ನೆಪದಲ್ಲಿ. ಕಳ್ಳರಿಗೂ ಒಂದು ನೀತಿ ಬೇಕಲ್ಲ. ಅಜ್ಜಿಗೆ ಈಗ ಎಲ್ಲರ ಮೇಲೂ ಪ್ರೀತಿ ಜಾಸ್ತಿಯಾಗಿದೆ ಎಂದು ಕಟ್ಟಡದಲ್ಲಿ ನನಗೆ ಒಳ್ಳೆಯ ಹೆಸರೂ ಬಂತು.

ನಾಲ್ಕನೇ ಮಹಡಿಯಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಇದ್ದಾರೆ. ನಿಯಮವೇ ಉಸಿರು ಅವರಿಗೆ. ಲಿಫ್ಟ್ ಬರದಿದ್ದರೆ ಕೆಳಗಿನಿಂದ ಕತ್ತೆತ್ತಿ ಒಂದೊಂದೇ ಮಹಡಿಯನ್ನು ಕೂಗಿ ಕೇಳುವರು.

"ಮೂರನೇ ಮಹಡೀ, ಬಾಗಿಲು ಹಾಕಿದ್ಯಾ?"

"ಹಾಕಿದೆ!"

"ಆರನೇ ಮಹಡೀ?"

"ಹಾಕಿದೆ!" ಎಂದು ನಾನೂ ಕೂಗುತ್ತಿದ್ದೆ. ಅದು ಸುಳ್ಳಲ್ಲ, ಮುಕ್ಕಾಲು ಪಾಲು ಹಾಕಿತ್ತು. ಮೆಕ್ಯಾನಿಕ್ಕಿನ ತಾಯಿ, ಮೂವತ್ತು ವರ್ಷ ಲಿಫ್ಟ್ ನಡೆಸಿದವಳು ಹಾಕಿದೆ ಎಂದ ಮೇಲೆ ಯಾರು ಹತ್ತಿ ಬಂದು ನೋಡುತ್ತಾರೆ? ಒಮ್ಮೆ ಕಾರ್ಯದರ್ಶಿಗಳು ಹತ್ತಿ ಬಂದರು. ಅವರ ಏದುಸಿರು ಐದನೇ ಮಹಡಿಯಲ್ಲೇ ನನಗೆ ಕೇಳಿಸಿತು. ಅವರು ಮೇಲೆ ಮುಟ್ಟುವಷ್ಟರಲ್ಲಿ ಬಾಗಿಲು ಭದ್ರವಾಗಿತ್ತು, ನಾನು ತರಕಾರಿ ಹೆಚ್ಚುತ್ತಿದ್ದೆ.

ಔಷಧಿ ನಾಟಿತು. ಇಪ್ಪತ್ತೆರಡು ನಿಮಿಷ ಹದಿನೈದಾಯಿತು, ಹದಿನೈದು ಹತ್ತಾಯಿತು. ಮೂರನೇ ವಾರದಲ್ಲಿ ಮತ್ತೆ ಇಪ್ಪತ್ತಕ್ಕೆ ಏರಿತು. ಸುಸ್ತಾಗಿ ಕೂತಿದ್ದಾಳೋ ಏನೋ ಎಂದು ಬಾಗಿ ನೋಡಿದರೆ, ಮೂರನೇ ಮಹಡಿಯ ಹುಡುಗಿಯ ಜೊತೆ ಆಟ. ಆ ಹುಡುಗಿಯನ್ನು ಎಲ್ಲರೂ ಪಟಾಕಿ ಎನ್ನುತ್ತಾರೆ, ಎಲ್ಲಿದ್ದರೂ ಸದ್ದು ಗೊತ್ತಾಗುತ್ತದೆ. ಒಂದೇ ಶಾಲೆ, ಒಂದೇ ಬಸ್ಸು, ಒಂದೇ ಲಿಫ್ಟ್. ಆರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದವರು, ಮೆಟ್ಟಿಲ ಮೇಲೆ ಮೊದಲ ಸಲ ಮಾತಾಡಿದ್ದರು. ಚೆಂಡನ್ನು ಮೇಲಿನ ತಿರುವಿಗೆ ಎಸೆಯುವುದು, ಅದು ಪುಟಿದು ಉರುಳಿ ಬರುವಷ್ಟರಲ್ಲಿ ಎಷ್ಟು ಮೆಟ್ಟಿಲು ಹತ್ತಿದೆ ಎಂದು ಎಣಿಸುವುದು, ಜಗಳವಾಡುವುದು, ಮತ್ತೆ ಕೆಳಗಿನಿಂದ ಶುರು ಮಾಡುವುದು. ಮಹಾರಾಣಿಯ ಕೆನ್ನೆ ಕೆಂಪೇರಿತ್ತು, ಜಡೆ ಬಿಚ್ಚಿಹೋಗಿತ್ತು, ಮಂಡಿ ತರಚಿತ್ತು. ಓಡಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡು ಒಳಗೆ ಬಂದೆ.

ಇತ್ತ ಮೊಮ್ಮಗಳು ಚಿಗುರುತ್ತಿದ್ದರೆ ಅತ್ತ ಮಗ ಬಾಡುತ್ತಿದ್ದ.

ಮಧ್ಯಾಹ್ನ ಮೂರೂವರೆಗೆ ನಿಂತು ನಾಲ್ಕಕ್ಕೆ ತಾನಾಗಿಯೇ ಸರಿಹೋಗುವ ಲಿಫ್ಟನ್ನು ಯಾವ ಮೆಕ್ಯಾನಿಕ್ಕೂ ಕಂಡಿರಲಿಕ್ಕಿಲ್ಲ. ಎಲ್ಲೋ ಕೆಲಸದಲ್ಲಿದ್ದವನಿಗೆ ಕಾರ್ಯದರ್ಶಿಗಳ ಫೋನು ಹೋಗುತ್ತಿತ್ತು, ಅವನು ಓಡಿಬರುವಷ್ಟರಲ್ಲಿ ಲಿಫ್ಟ್ ಏನೂ ಅರಿಯದ ಮಗುವಿನ ಹಾಗೆ ಓಡಾಡುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟು ಕೇಳಿದ. ಮೋಟಾರು ಬಿಚ್ಚಿದ. ತಂತಿಗಳನ್ನು ಬದಲಿಸಿದ. ಆ ಹೊತ್ತಿಗೆ ಬಿಸಿಲು ಚಾವಣಿಗೆ ನೇರ ಬೀಳುವುದರಿಂದ ಹೀಗಾಗುತ್ತಿದೆ ಎಂದು ಮೋಟಾರಿನ ಕೋಣೆಗೆ ನೆರಳು ಕಟ್ಟಿದ. ಮರುದಿನ ಮೋಡ ಕವಿದಿತ್ತು, ಲಿಫ್ಟ್ ಆಗಲೂ ನಿಂತಿತು. ಮೋಡಕ್ಕೆ ಗೊತ್ತಿತ್ತೇ ನನ್ನ ಔಷಧಿಯ ಹೊತ್ತು!

ಮೊದಮೊದಲು ನನಗೆ ಒಳಗೊಳಗೇ ನಗು ಬರುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಐದನೇ ವಾರದ ಹೊತ್ತಿಗೆ ನಗು ನಿಂತುಹೋಯಿತು. ಮಗ ಊಟ ಮಾಡುವಾಗ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. "ನನ್ನ ಕೈ ಹೋಯ್ತು ಅನ್ಸುತ್ತೆ ಅಮ್ಮ" ಎಂದ ಒಂದು ದಿನ. "ಬೇರೆ ಕಡೆ ಲಿಫ್ಟ್ ಮುಟ್ಟೋಕೂ ಈಗ ಭಯ ಆಗುತ್ತೆ. ಮನೆ ಲಿಫ್ಟೇ ಅರ್ಥ ಆಗ್ತಿಲ್ಲ, ಅಂಥಾದ್ರಲ್ಲಿ."

ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಡಾಕ್ಟರಮ್ಮ ಕೊಟ್ಟ ಎರಡು ತಿಂಗಳಿಗೆ ಇನ್ನೂ ಮೂರು ವಾರ ಬಾಕಿ ಇತ್ತು. ಈಗ ಬಾಗಿಲು ಹಾಕಿದರೆ ಮಹಾರಾಣಿ ಮತ್ತೆ ಸೋಫಾ ಸೇರುತ್ತಾಳೆ, ಈಗ ಕೂತರೆ ಮತ್ತೆ ಏಳುವುದಿಲ್ಲ. ಮಗನ ಕೈ ಗಟ್ಟಿಯಾಗಿದೆ, ಮೂರು ವಾರ ತಡೆದುಕೊಳ್ಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವತ್ತಿನಿಂದ ಮಗನ ಮುಖ ನೋಡಿ ಮಾತಾಡಲು ನನಗೆ ಆಗಲಿಲ್ಲ.

ಆ ವಾರ ಸಂಘದ ಸಭೆ ಎಂದು ನೋಟೀಸು ಬಂತು. ಲಿಫ್ಟಿನ ಉಸ್ತುವಾರಿಯನ್ನು ಬೇರೆಯವರಿಗೆ ಕೊಡುವ ವಿಷಯ. ಭಾನುವಾರ ಬೆಳಿಗ್ಗೆ ಮಗ ಸ್ನಾನಕ್ಕೆ ಹೋಗಿದ್ದಾಗ, ಅವನು ಸಭೆಗೆ ಒಯ್ಯಲೆಂದು ಮೇಜಿನ ಮೇಲಿಟ್ಟಿದ್ದ ನೋಟ್‌ಬುಕ್ಕನ್ನು ತೆರೆದು ನೋಡಿದೆ. ಲಿಫ್ಟ್ ನಿಂತ ಪ್ರತಿ ದಿನಕ್ಕೂ ಒಂದು ಪುಟ. ಒಂದನೇ ಮಹಡಿ, ಬಾಗಿಲು ನೋಡಿದೆ, ಸರಿ ಇದೆ. ಎರಡನೇ ಮಹಡಿ, ಬಾಗಿಲು ನೋಡಿದೆ, ಎಣ್ಣೆ ಹಾಕಿದೆ. ಹೀಗೆ ಐದರವರೆಗೆ. ಆರನೆಯದರ ಮುಂದೆ ಎಲ್ಲ ಪುಟದಲ್ಲೂ ಒಂದೇ ಮಾತು. ಅಮ್ಮ ಇದ್ದಾರೆ, ನೋಡಬೇಕಾಗಿಲ್ಲ.

ಅದನ್ನು ಓದಿ, ಇದ್ದ ಹಾಗೇ ಮುಚ್ಚಿ ಮೇಜಿನ ಮೇಲಿಟ್ಟೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸಭೆ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಆರು ಮಹಡಿಯವರೂ ಕೂತಿದ್ದರು. ಕಾರ್ಯದರ್ಶಿಗಳು ಎದ್ದು, ಲಿಫ್ಟ್ ನಿಂತ ದಿನಗಳನ್ನು ದಿನಾಂಕದ ಸಮೇತ ಓದಿದರು. ಮಗ ಎದ್ದು ನಿಂತ. "ನೀವು ಹೇಳೋದು ಸರಿ. ನನ್ನ ಕೈಲಿ ಆಗ್ಲಿಲ್ಲ. ಬೇರೆಯವರನ್ನ ನೋಡ್ಕೊಳ್ಳಿ" ಎಂದ. ಅವನ ದನಿ ಅಷ್ಟು ಸಣ್ಣಗಿದ್ದದ್ದನ್ನು ನಾನು ಅವನ ಬಾಲ್ಯದಲ್ಲೂ ಕೇಳಿರಲಿಲ್ಲ.

ನಾನು ಕುರ್ಚಿಯ ಕೈ ಹಿಡಿದು ಎದ್ದೆ. "ಲಿಫ್ಟಿಗೆ ಏನೂ ಆಗಿಲ್ಲ. ಅವನ ಕೈಗೂ ಏನೂ ಆಗಿಲ್ಲ. ಮೂರೂಕಾಲಿಂದ ನಾಲ್ಕರವರೆಗೆ ಬಾಗಿಲು ತೆಗೆದಿಡ್ತಾ ಇದ್ದಿದ್ದು ನಾನು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಹಾಕಿದೆ ಅಂತ ಕೂಗ್ತಿದ್ರಲ್ಲಮ್ಮ ನೀವು!"

"ಮುಕ್ಕಾಲು ಹಾಕಿದ್ದೆ."

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ನಾವು ಇನ್ಯಾರಿಗೆ ಹೇಳೋಣ?" ಎಂದು ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಯಾಕೆ ಎಂದು ಕೇಳಿದರು, ಹೇಳಿದೆ. ಬೆಂಚು, ನಲವತ್ತು ಸೆಕೆಂಡು, ನನ್ನ ಮೂರು ಮಂತ್ರ, ಎಲ್ಲ ಹೇಳಿದೆ. ಪಟಾಕಿಯ ತಾಯಿ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಒಂದು ತಿಂಗಳಿಂದ ಮಗಳು ಹೊತ್ತಿಗೆ ಸರಿಯಾಗಿ ಹಸಿವು ಎನ್ನುತ್ತಿದ್ದಾಳೆ, ಯಾಕೆಂದು ಈಗ ಗೊತ್ತಾಯಿತು ಎಂದಳು ಆ ತಾಯಿ. ಕಾರ್ಯದರ್ಶಿಗಳೂ ನಗಲಿಕ್ಕೆ ಹೊರಟು, ನಿಯಮ ನೆನಪಾಗಿ ನಿಲ್ಲಿಸಿದರು. ಲಿಫ್ಟ್ ಮಗನ ಕೈಯಲ್ಲೇ 'ಉಳಿಯತಕ್ಕದ್ದು' ಎಂದು ಬರೆಸಿದರು. ಆರನೇ ಮಹಡಿಯ ಬಾಗಿಲನ್ನು ಇನ್ನು ಮೇಲೆ ಖುದ್ದಾಗಿ ಪರಿಶೀಲಿಸತಕ್ಕದ್ದು ಎಂದೂ ಬರೆಸಿದರು.

ನಗದಿದ್ದವರು ಇಬ್ಬರು. ಒಬ್ಬಳು ಮಹಾರಾಣಿ. "ಮೋಸ ಮಾಡಿದೆ ಅಜ್ಜಿ ನೀನು. ದಿನಾ ಹತ್ತಿ ಬಂದು ಪಾಪ ಅಜ್ಜಿಗೆ ಕೆಳಗೆ ಹೋಗೋಕಾಗ್ತಿಲ್ಲ ಅಂತ ನಾನು ಬೇಜಾರು ಮಾಡ್ಕೋತಿದ್ದೆ" ಎಂದು ಮೇಲೆ ಹೋಗಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅದನ್ನು ಪೂರ್ತಿ ಹಾಕಿದಳು.

ಇನ್ನೊಬ್ಬ ಮಗ.

"ಒಂದು ಮಾತು ನನಗೆ ಹೇಳಬಹುದಿತ್ತಲ್ಲಮ್ಮ" ಎಂದ ಮನೆಗೆ ಬಂದ ಮೇಲೆ.

"ಹೇಳಿದ್ರೆ ನೀನು ಬಾಗಿಲು ಹಾಕಿಬಿಡ್ತಿದ್ದೆ ಕಣೋ."

ಅವನು ಯೋಚಿಸಿದ. "ಹೌದು. ಹಾಕ್ತಿದ್ದೆ" ಎಂದ. ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟ. ತಪ್ಪಾಯಿತು ಮಗಾ ಎಂದೆ, ಕೇಳಿಸಿಕೊಂಡು ಸುಮ್ಮನೆ ಎದ್ದು ಹೋದ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಇಡೀ ಮನೆ ಕೊನೇ ಟ್ರಿಪ್ಪಿನ ಬಸ್ಸಿನ ಹಾಗಿದೆ, ಹತ್ತಿದವರೆಲ್ಲ ಒಂದೊಂದು ಕಿಟಕಿ ನೋಡ್ತಾ ಕೂತಿದ್ದಾರೆ ಎಂದಳು ಸೊಸೆ.

ಮರುದಿನ ಮಧ್ಯಾಹ್ನ ಮೂರೂಕಾಲಿಗೆ ಮಗ ಕೆಲಸದಿಂದ ಬಂದ. ನನ್ನ ಕಡೆ ನೋಡದೆ ನೇರ ಆರನೇ ಮಹಡಿಯ ಬಾಗಿಲಿಗೆ ಹೋಗಿ, ಎಳೆದು ನೋಡಿ, ಒತ್ತಿ ನೋಡಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದ. ಏನು ಬರೆದನೆಂದು ನೋಡುವ ಧೈರ್ಯ ನನಗಿರಲಿಲ್ಲ. ನಾನೂ ಬಂದು ಪಕ್ಕದಲ್ಲಿ ನಿಂತೆ. ಲಿಫ್ಟ್ ಕೆಳಗಿತ್ತು, ಬಾಗಿಲುಗಳೆಲ್ಲ ಭದ್ರವಾಗಿದ್ದವು, ಶಾಲೆಯ ಬಸ್ಸು ಬಂದು ನಿಂತ ಸದ್ದಾಯಿತು. ಮುಗಿಯಿತು ಎಂದುಕೊಂಡೆ. ಐದು ವಾರದ ಔಷಧಿ ಇವತ್ತಿಗೆ ಮುಗಿಯಿತು. ಇನ್ನು ಹತ್ತು ಹೆಜ್ಜೆ, ಎಂಟು ಹೆಜ್ಜೆ, ಸೋಫಾ.

ಕೆಳಗೆ ಜಾಲರಿ ಎಳೆದ ಸದ್ದು. ಮತ್ತೆ ಹಾಕಿದ ಸದ್ದು. "ಅಜ್ಜೀ, ಒತ್ತು!" ಎಂದು ಕೂಗು. ಮುನಿಸು ಬಿಟ್ಟಳಲ್ಲ ಎಂಬ ಸಂತೋಷ ಒಂದು ಕಡೆ, ಗುಂಡಿ ಒತ್ತಲೂ ಅಜ್ಜಿಯೇ ಬೇಕಲ್ಲ ಎಂಬ ಸಂಕಟ ಒಂದು ಕಡೆ. ಒತ್ತಿದೆ. ಲಿಫ್ಟ್ ಗೊರ್ರೆನ್ನುತ್ತಾ ಹೊರಟಿತು. ಒಂದು, ಎರಡು, ಮೂರು. ಮಗ ಅಭ್ಯಾಸದಿಂದ ತಲೆ ವಾಲಿಸಿ ಸದ್ದು ಕೇಳುತ್ತಿದ್ದ. ಆರಕ್ಕೆ ಬಂದು ನಿಂತಿತು. ಜಾಲರಿ ಎಳೆದೆ.

ಒಳಗೆ ಎರಡು ಶಾಲೆಯ ಚೀಲಗಳಿದ್ದವು. ಹುಡುಗಿ ಇರಲಿಲ್ಲ.

"ಮಗು ಎಲ್ಲೋ?" ಎಂದೆ. ಮಗ ನನಗಿಂತ ಮೊದಲು ಮೆಟ್ಟಿಲ ಕಡೆ ತಿರುಗಿದ್ದ. ಕೆಳಗಿನಿಂದ ಧಡಧಡ ಸದ್ದು, ಒಂದು ಕಿರುಚಾಟ, ಒಂದು ನಗು. ಮೊದಲು ಮಹಾರಾಣಿಯ ತಲೆ ಕಾಣಿಸಿತು, ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಬಂದ ಕಾಲು. ಅವಳ ಹಿಂದೆ ಪಟಾಕಿ. ಮಹಾರಾಣಿ ಬಂದವಳೇ ಲಿಫ್ಟಿನ ಬಾಗಿಲಿಗೆ ಕೈ ಬಡಿದು, ಸೊಂಟ ಹಿಡಿದು ಬಾಗಿ ನಿಂತಳು. ಉಸಿರು ಭರ್ರೆಂದು ಬರುತ್ತಿತ್ತು, ಆದರೆ ನಲವತ್ತು ಸೆಕೆಂಡಿನ ಏದುಸಿರಲ್ಲ ಅದು. ನಗುತ್ತಾ ಬಿಡುವ ಉಸಿರು.

"ಛೆ! ಇನ್ನೊಂದು ಮಹಡಿ ಇದ್ದಿದ್ರೆ ಗೆಲ್ತಿದ್ದೆ" ಎಂದಳು. "ಅಪ್ಪಾ, ನಿನ್ನ ಲಿಫ್ಟ್ ಸುಮಾರಾಗಿ ಓಡುತ್ತೆ. ನಾಳೆ ಸೋಲಿಸ್ತೀವಿ. ಅಜ್ಜಿ, ನೀನು ಮೋಸ ಮಾಡ್ಬೇಡ, ನಾನು ಒತ್ತು ಅಂದ ಮೇಲೇ ಒತ್ಬೇಕು, ತಿಳೀತಾ?" ಚೀಲ ಹೆಗಲಿಗೇರಿಸಿ, ನೀರು ತಾನೇ ಹೋಗಿ ಬಗ್ಗಿಸಿಕೊಂಡು ಕುಡಿದಳು. ಒಂದು ಲೋಟ ಪಟಾಕಿಗೂ ಕೊಟ್ಟಳು.

ಲಿಫ್ಟ್ ಕಣ್ಣೆದುರಿಗೆ ಸರಿಯಾಗಿ ನಿಂತಿದ್ದರೂ ಬಿಟ್ಟು ಬಂದಳಲ್ಲ! ಇನ್ನು ನಾನು ಬಾಗಿಲು ತೆಗೆದಿಡುವುದೂ ಬೇಡ, ಹಾಕುವುದೂ ಬೇಡ ಅನ್ನಿಸಿ, ಬಹಳ ದಿನದ ಮೇಲೆ ಹಗುರಾದೆ. ಸಂಜೆಯ ಗಾಳಿಗೆ ಗೇಟಿನ ಬಳಿ ಕೂರುವುದು ನನ್ನ ಅಭ್ಯಾಸ. ಚಪ್ಪಲಿ ಮೆಟ್ಟಿಕೊಂಡು ಬಂದು ಲಿಫ್ಟಿನೊಳಗೆ ಕಾಲಿಡಬೇಕು, ಅಷ್ಟರಲ್ಲಿ ಮಗ ಮುಂದೆ ಬಂದು ಜಾಲರಿಯನ್ನು ಎಳೆದು ಹಾಕಿದ.

"ಲಿಫ್ಟ್ ಕೆಟ್ಟಿದೆ ಅಮ್ಮ" ಎಂದ. ಒಂದು ದಿನದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಈಗ ನನ್ನ ಕಣ್ಣೆದುರಿಗೇ ಬಂತಲ್ಲೋ!"

"ಆರನೇ ಮಹಡೀಲಿ ಮಾತ್ರ ಕೆಟ್ಟಿದೆ. ಐದರಲ್ಲಿ ಸರಿಯಾಗಿದೆ." ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಮೆಕ್ಯಾನಿಕ್ ನಾನು. ನನಗೆ ಗೊತ್ತಾಗಲ್ವಾ?"

"ಮಂಡಿ ಕಣೋ..."

"ಡಾಕ್ಟರಮ್ಮನಿಗೆ ಬೆಳಿಗ್ಗೆ ಫೋನ್ ಮಾಡಿ ಕೇಳ್ದೆ. ಕೈ ಹಿಡ್ಕೊಂಡು ದಿನಾ ಒಂದು ಮಹಡಿ ಇಳಿಸಿ, ಏನೂ ಆಗಲ್ಲ ಅಂದ್ರು."

ಮಹಾರಾಣಿ ಲೋಟ ಕೆಳಗಿಟ್ಟು ಓಡಿ ಬಂದಳು. ನನ್ನ ಎಡಗೈ ಹಿಡಿದಳು. ಬಲಗೈಗೆ ಮೆಟ್ಟಿಲ ಕಂಬಿ ಹಿಡಿಸಿದಳು. "ಓಡಬೇಡ ಅಜ್ಜಿ. ಬೀಳಲ್ಲ, ನಾನಿದೀನಿ. ಮೆಲ್ಲಗೆ ಇಳಿ" ಎಂದಳು. ಐದನೇ ಮಹಡಿಗೆ ಹದಿನೆಂಟು ಮೆಟ್ಟಿಲುಗಳಿದ್ದವು. ಮಂಡಿಗೆ ಒಂದು ಮಾತೂ ಹೇಳದೆ ಮೊದಲನೆಯದಕ್ಕೆ ಕಾಲಿಟ್ಟೆ.